ಏಪ್ರನ್ ಜೇಬಿನಲ್ಲಿ ಉಳಿದ ಹನ್ನೆರಡನೆಯ ಕತ್ತರಿ

ಬೆರನ್‌ಟಾಲ್,
ಅಕ್ಟೋಬರ್, ಮಂಗಳವಾರ ಬೆಳಗ್ಗೆ

ಪ್ರೀತಿಯ ರೀಕೆ,

ಈ ಕಾಗದದ ಜೊತೆ ಒಂದು ಪುಟ್ಟ ಡಬ್ಬಿ ಕಳಿಸಿದ್ದೇನೆ. ಅದನ್ನು ಈಗಲೇ ತೆಗೆಯಬೇಡ. ನಿನ್ನ ಬುದ್ಧಿ ನನಗೆ ಗೊತ್ತು, ಕಾಗದ ಒಡೆಯುವ ಮೊದಲೇ ಡಬ್ಬಿ ಅಲ್ಲಾಡಿಸಿ ನೋಡಿರುತ್ತೀ. ಇರಲಿ, ಮುಚ್ಚಳ ಮಾತ್ರ ಕೊನೆಯ ಸಾಲು ಓದಿದ ಮೇಲೆ ತೆಗೆ. ಇಷ್ಟು ವರ್ಷಕ್ಕೆ ನಾನು ನಿನ್ನಲ್ಲಿ ಕೇಳುತ್ತಿರುವುದು ಇದೊಂದೇ.

'ನೀನು' ಅಂತ ಬರೆದದ್ದಕ್ಕೆ ಹುಬ್ಬೇರಿಸಬೇಡ. ನೀನು ನಾಲ್ಕು ವರ್ಷದವಳಾಗಿದ್ದಾಗ ನನ್ನ ಮೇಜಿನ ಕೆಳಗೆ ಕೂತು ಉಕ್ಕಿನ ಸುರುಳಿ ಆರಿಸಿ ಲಂಗದಲ್ಲಿ ತುಂಬಿಕೊಳ್ಳುತ್ತಿದ್ದೆ, ಆಗ ನಿನ್ನನ್ನು 'ನೀನು' ಅಂತಲೇ ಕರೆಯುತ್ತಿದ್ದೆ. ಯಜಮಾನಿಯಾಗಿ ಬಂದ ದಿನದಿಂದ 'ನೀವು' ಅಂದೆ. ಅದು ಮರ್ಯಾದೆಗೆ ಅಂದದ್ದಲ್ಲ, ಹಠಕ್ಕೆ ಅಂದದ್ದು. ಈಗ ಎಪ್ಪತ್ತೈದು ತುಂಬಿದೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದೇನೆ, ಇನ್ನೆಷ್ಟು ದಿನ ಹಠ ಹೊತ್ತು ತಿರುಗಲಿ?

ಕಣ್ಣು ಚೆನ್ನಾಗಿದೆ, ಗಾಬರಿ ಬೇಡ. ಆಪರೇಷನ್ ಆಗಿ ಹನ್ನೆರಡು ದಿನ. ಡಾಕ್ಟರು ಬಗ್ಗಬೇಡಿ ಅಂದಿದ್ದಾರೆ, ನೋಡಿದರೆ ಈ ವಾರವೇ ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಸರದಿ ನನ್ನದು. ಬಾಗಿಲಿಗೆ 'ಈ ವಾರ ನಿಮ್ಮದು' ಅನ್ನುವ ಬೋರ್ಡು ನೇತುಹಾಕಿಯೂ ಆಗಿತ್ತು. ಕೆಳಮನೆಯ ಲೋರೆ, ಅವಳೇ, ಮೂವತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತವಳು, ಬಂದು "ನೀನು ಸುಮ್ನೆ ಕೂತ್ಕೋ ಮಾರಾಯ್ತಿ, ನಾನು ಗುಡಿಸ್ತೀನಿ" ಅಂದಳು. ಗುಡಿಸಿದಳು. ಮೂಲೆಗಳನ್ನು ಬಿಟ್ಟಿದ್ದಾಳೆ. ಒಂದೇ ಕಣ್ಣಿಗೂ ಕಾಣುತ್ತದೆ. ಹೇಳಲಿಲ್ಲ, ನಾನೂ ಸ್ವಲ್ಪ ಕಲಿತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ಕಾರ್ಖಾನೆಗೆ ನೂರು ವರ್ಷ ತುಂಬಿತಲ್ಲ, ಅಂಗಳದಲ್ಲಿ ಉದ್ದದ ಮೇಜು ಹಾಕಿ ಎಲ್ಲರಿಗೂ ಆಲೂಗಡ್ಡೆ ಸಲಾಡು, ಸಾಸೇಜು ಬಡಿಸಿದೆಯಲ್ಲ, ಅವತ್ತು ನೀನು ಮರದ ಪೆಟ್ಟಿಗೆಯ ಮೇಲೆ ನಿಂತು ಏನಂದೆ ನೆನಪಿದೆಯಾ? "ಇಲ್ಲಿ ಐವತ್ತೆರಡು ಜನ ಕೆಲಸ ಮಾಡ್ತೀವಿ. ಅದರಲ್ಲಿ ಕತ್ತರಿ ಮಾಡೋಕೆ ಬಾರದವಳು ನಾನೊಬ್ಬಳೇ. ಆರು ತಿಂಗಳು ತಟ್ಟಿ ಕಲಿತು ಒಂದು ಮಾಡಿದೆ, ಒಟ್ಟೀಲಿ ಅಕ್ಕ ಅದನ್ನೂ ಗುಜರಿಗೆ ಎಸೆದುಬಿಟ್ರು!" ಎಲ್ಲರೂ ಮೇಜು ಕುಟ್ಟಿ ನಕ್ಕರು. ಲೋರೆಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನೀನೂ ನಕ್ಕೆ. ಆದರೆ ನಗು ಮುಗಿದ ಮೇಲೆ ನಿನ್ನ ಮುಖ ನೋಡಿದವಳು ನಾನು. ಕೈಯಲ್ಲಿದ್ದ ಫೋರ್ಕನ್ನು ತಟ್ಟೆಯಲ್ಲಿಟ್ಟುಬಿಟ್ಟೆ ಕಣಮ್ಮಾ.

ನೀನು ಹೇಳಿದ್ದು ಸುಳ್ಳು. ಅದು ಸುಳ್ಳು ಅಂತ ಗೊತ್ತಿರುವವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಅದನ್ನು ಹೇಳದೆ ಸತ್ತರೆ ನನಗೆ ಒಳ್ಳೆಯದಾಗುವುದಿಲ್ಲ.

ನಿನ್ನ ಅಪ್ಪ ತೀರಿಕೊಂಡ ವರ್ಷದಿಂದ ಶುರು ಮಾಡಬೇಕು. ಗಾಟ್‌ಲೋಬ್ ಯಜಮಾನರು ಫೆಬ್ರವರಿಯಲ್ಲಿ ಒಂಬತ್ತು ಗಂಟೆಯ ತಿಂಡಿ ಹೊತ್ತಿಗೆ, ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡೇ ಹೋಗಿಬಿಟ್ಟರು. ನೀನು ಸ್ಟುಟ್‌ಗಾರ್ಟ್‌ನಿಂದ ಬಂದೆ. ಯಂತ್ರ ವಿದ್ಯೆ ಓದಿದವಳು, ಇಪ್ಪತ್ತೊಂಬತ್ತು ವರ್ಷ, ಕೂದಲು ಗಂಡುಹುಡುಗರ ಹಾಗೆ. ಅವರನ್ನು ಮಣ್ಣು ಮಾಡಿ ಬಂದು ಕಾಫಿ ಕುಡಿಯುವಾಗಲೇ ನಾವೆಲ್ಲ ತೀರ್ಮಾನ ಮಾಡಿಯಾಗಿತ್ತು: ಇವಳು ಮಾರುತ್ತಾಳೆ. ಮಾರದೆ ಏನು ಮಾಡಿಯಾಳು? ಕಣ್ಣಿನ ಆಪರೇಷನ್‌ಗೆ ನಾವು ಮಾಡುವ ಕತ್ತರಿಯಂಥದ್ದೇ ಕತ್ತರಿ ಸಮುದ್ರದಾಚೆಯಿಂದ ನಮ್ಮದರ ಐದನೇ ಒಂದು ಬೆಲೆಗೆ ಬಂದು ಬೀಳುತ್ತಿತ್ತು. ಆಸ್ಪತ್ರೆಗಳಿಗೆ ಸಾಮಾನು ಕೊಳ್ಳುವ ದೊಡ್ಡ ವ್ಯಾಪಾರಿ ನಿನಗೆ ಕಾಗದ ಬರೆದಿದ್ದ, ಬೆಲೆ ಮೂರನೇ ಒಂದು ಪಾಲು ಇಳಿಸಿ, ಇಲ್ಲವಾದರೆ ಬಿಡಿ ಅಂತ. ಇನ್ನೊಂದು ಕಂಪನಿಯವರು ನಮ್ಮ ಹೆಸರನ್ನೂ ಯಂತ್ರಗಳನ್ನೂ ಕೊಂಡು ಕೂಲಿ ಅಗ್ಗವಿರುವ ಕಡೆಗೆ ಒಯ್ಯುತ್ತೇವೆ ಅಂದಿದ್ದರು. ನಮ್ಮನ್ನು ಒಯ್ಯುವ ಮಾತು ಇರಲಿಲ್ಲ.

ನೀನು ಇದನ್ನೆಲ್ಲ ಬಚ್ಚಿಡಲಿಲ್ಲ, ಅದು ನನಗೆ ಹಿಡಿಸಿತ್ತು. ಆಗ ಇದ್ದ ಮೂವತ್ನಾಲ್ಕು ಜನರನ್ನೂ ಸಾಣೆ ಕೋಣೆಯಲ್ಲಿ ನಿಲ್ಲಿಸಿ ಹೇಳಿದೆ: "ಸೇಬು ಹಿಂಡೋ ಹೊತ್ತಿಗೆ, ಅಕ್ಟೋಬರಲ್ಲಿ, ನಾನು ಅವರಿಗೆ ಉತ್ತರ ಕೊಡಬೇಕು. ಅಲ್ಲೀವರೆಗೆ ಟೈಮಿದೆ." ಲೋರೆ ಕೇಳಿದಳು, "ಸಂಬಳ ಕಮ್ಮಿ ಮಾಡ್ತೀರಾ?" ನೀನು ಅಂದೆ, "ಇಲ್ಲ. ನಿಮ್ಮ ಸಂಬಳ ಅರ್ಧ ಮಾಡಿದ್ರೂ ಅವರ ಬೆಲೆಗೆ ಬರೋಕಾಗಲ್ಲ. ಆಗದ ಓಟ ಓಡಿ ಸುಸ್ತಾಗೋದು ಬೇಡ. ಅವರ ಕೈಲಾಗದ್ದು ನಮ್ಮ ಹತ್ರ ಏನಿದೆ, ಅದನ್ನ ಹುಡುಕೋಣ." ಲೋರೆ ನನ್ನ ಕಿವಿಯಲ್ಲಿ, "ನಮ್ಮ ಹತ್ರ ಸೊಂಟನೋವು ಇದೆ" ಅಂದಳು.

ಮರುದಿನವೇ ನೀನು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಬಂದು ಕೂತೆ. ಕುತ್ತಿಗೆಯಲ್ಲಿ ಸ್ಟಾಪ್‌ವಾಚು, ತೊಡೆಯ ಮೇಲೆ ಪುಸ್ತಕ. ಅಯ್ಯೋ ದೇವರೇ, ನನ್ನ ಮೈಯೆಲ್ಲ ಉರಿದುಹೋಯಿತು! ಹದಿನೈದನೆಯ ವಯಸ್ಸಿಗೆ ಆ ಮೇಜಿಗೆ ಬಂದವಳು ನಾನು, ಮೂವತ್ತೊಂದು ವರ್ಷ ಆಗಿತ್ತು, ನಿನ್ನ ಅಪ್ಪ ಒಂದು ದಿನವೂ ನನಗೆ ಗಡಿಯಾರ ತೋರಿಸಿರಲಿಲ್ಲ. ಮೂರು ವಾರ ಕೂತೆ. ನಾನು ಮೂಗು ಒರೆಸಿಕೊಂಡರೂ ಗುಂಡಿ ಒತ್ತುತ್ತಿದ್ದೆ. "ಗಡಿಯಾರ ಹಿಡ್ಕೊಂಡು ಕೂತ್ರೆ ಕತ್ತರಿ ಆಗಲ್ಲ ಯಜಮಾನಿ, ಸುತ್ತಿಗೆ ಹಿಡೀಬೇಕು" ಅಂದೆ. ನೀನು ತಲೆ ಎತ್ತದೆ "ಕೊಡಿ ಮತ್ತೆ" ಅಂದೆ. ಹಾಗೆ ಶುರುವಾಯಿತು ನಿನಗೆ ಅಲಗು ತಟ್ಟುವ ಹುಚ್ಚು.

ತಟ್ಟುವುದು ಅಂದರೆ ಏನು ಅಂತ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಒಳ್ಳೆ ಕತ್ತರಿಯ ಅಲಗು ನೆಟ್ಟಗಿರುವುದಿಲ್ಲ, ಕೂದಲೆಳೆಯಷ್ಟು ಬಾಗಿರುತ್ತದೆ. ಮುಚ್ಚುವಾಗ ಎರಡೂ ಅಲಗು ಒಂದೇ ಒಂದು ಚುಕ್ಕೆಯಲ್ಲಿ ತಾಗಬೇಕು, ಆ ಚುಕ್ಕೆ ಬುಡದಿಂದ ತುದಿಯವರೆಗೆ ಜಾರಿಕೊಂಡು ಹೋಗಬೇಕು. ಆ ಬಾಗನ್ನು ಬಟಾಣಿ ಗಾತ್ರದ ಸುತ್ತಿಗೆಯಿಂದ ತಟ್ಟಿ ತಟ್ಟಿ ತರಬೇಕು. ಬಂತೋ ಇಲ್ಲವೋ ಅಂತ ಕಣ್ಣಿಗೆ ಕಾಣುವುದಿಲ್ಲ. ಕಿವಿಯ ಹತ್ತಿರ ಹಿಡಿದು ಮುಚ್ಚಿ ಕೇಳಬೇಕು. ನೀನು ದಿನಾ ಕೆಲಸ ಮುಗಿದ ಮೇಲೆ ಒಂದು ಗಂಟೆ ಕೂತು ತಟ್ಟಿದೆ. ಹಾಳು ಮಾಡಿದೆ. ಹಾಳು ಮಾಡಿದ್ದನ್ನು ನಾನು ಒಂದೂ ಮಾತಿಲ್ಲದೆ ಗುಜರಿ ಡಬ್ಬಕ್ಕೆ ಹಾಕಿದೆ, ಅದು ಠಣ್ ಅಂತ ಸದ್ದು ಮಾಡುವ ಹಾಗೆ ಎತ್ತರದಿಂದ.

ಮೂರು ವಾರ ಮುಗಿದ ಮೇಲೆ ನೀನು ಪುಸ್ತಕ ತೆರೆದು ತೋರಿಸಿದೆ. ಒಂದು ಕತ್ತರಿಗೆ ನನಗೆ ಹಿಡಿಯುತ್ತಿದ್ದದ್ದು ನಲವತ್ತು ನಿಮಿಷ, ಅದರಲ್ಲಿ ಹನ್ನೊಂದು ನಿಮಿಷ ಬರೀ ಹೊಳಪು. ಹಿಡಿಕೆಯ ಹೊರಗೆ, ಒಳಗೆ, ಯಾರ ಕಣ್ಣಿಗೂ ಬೀಳದ ಸಂದಿಯಲ್ಲೂ ಮುಖ ಕಾಣುವಷ್ಟು ಹೊಳಪು. "ಇದನ್ನ ಬಿಟ್ಟುಬಿಡೋಣ" ಅಂದೆ ನೀನು. ಅಷ್ಟು ಸಲೀಸಾಗಿ! ಆ ಹೊಳಪಿಗೇ ಜನ ನಮ್ಮ ಕತ್ತರಿ ಕೊಳ್ಳುವುದು ಅಂತ ನಾವು ನಂಬಿಕೊಂಡಿದ್ದೆವು. ಯಾರಾದರೂ ಹಾಗಂತ ಹೇಳಿದ್ದರಾ? ಇಲ್ಲ. ನಾವು ಯಾರನ್ನಾದರೂ ಕೇಳಿದ್ದೆವಾ? ಕೇಳುವುದು ನಮ್ಮ ಕಣಿವೆಯವರ ಜಾಯಮಾನವೇ ಅಲ್ಲ. ನಾವು ಮಾಡುತ್ತೇವೆ, ಪೆಟ್ಟಿಗೆಗೆ ಹಾಕುತ್ತೇವೆ, ಕಳಿಸುತ್ತೇವೆ.

ಆಯಿತು ಯಜಮಾನಿ ಅಂತ ತಲೆ ಆಡಿಸಿದೆವು. ಆಮೇಲೆ ನಾವು ಮಾಡಿದ್ದು ನಮ್ಮೂರವರು ಮಾತ್ರ ಮಾಡಬಹುದಾದ ಕಳ್ಳತನ. ಆರು ಗಂಟೆಯ ಕೆಲಸಕ್ಕೆ ಐದೂವರೆಗೇ ಬಂದು, ತಿಂಡಿ ಹೊತ್ತಿನಲ್ಲಿ ಬ್ರೆಡ್ಡು ಬಾಯಲ್ಲಿ ಕಚ್ಚಿಕೊಂಡು, ಕದ್ದು ಕದ್ದು ಹೊಳಪು ಕೊಟ್ಟೆವು. ಬಿಟ್ಟಿ ಕೆಲಸ! ಲೋರೆ ಬಾಗಿಲಲ್ಲಿ ಕಾವಲು. ಮೆಟ್ಟಿಲ ಮೇಲೆ ನಿನ್ನ ಕಾಲ ಸದ್ದು ಕೇಳಿದರೆ ಅವಳು ಕೆಮ್ಮುವುದು, ನಾವು ಚಕ್ರ ನಿಲ್ಲಿಸುವುದು. ಎರಡು ವಾರ ನಡೆಯಿತು ಈ ನಾಟಕ.

ಒಂದು ದಿನ ನೀನು ಬೆಣ್ಣೆ ಹಚ್ಚಿದ ಪ್ರೆಟ್ಸೆಲ್ ಬ್ರೆಡ್ಡು ತಂದು ನನ್ನ ಮುಂದಿಟ್ಟೆ. ನಾನು ಕೈ ಚಾಚಿದೆ.

"ಒಟ್ಟೀಲಿ ಅಕ್ಕ, ನಿಮ್ಮ ಉಗುರು ಯಾಕೆ ಹಸಿರಾಗಿದೆ?"

"ತೋಟದ ಕೆಲಸ."

"ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದೆ."

ಹೊಳಪಿಗೆ ಹಚ್ಚುವ ಹಸಿರು ಮೇಣ ಉಗುರಿನ ಸಂದಿಗೆ ಹೋದರೆ ವಾರ ಬಿಡುವುದಿಲ್ಲ. ಲೋರೆ ಆಗ ಕೆಮ್ಮಿದಳು, ಪೆದ್ದಿ. ಬೈಯುತ್ತೀ ಅಂದುಕೊಂಡೆ. ನೀನು ಬೈಯಲಿಲ್ಲ. "ಗುರುವಾರ ಒಳ್ಳೆ ಕೋಟು ಹಾಕ್ಕೊಂಡು ಬನ್ನಿ. ನಿಮ್ಮನ್ನ ಒಂದು ಕಡೆ ಕರ್ಕೊಂಡು ಹೋಗ್ತೀನಿ" ಅಂದೆ.

ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದೆ. ನಿನ್ನ ಆ ಗಡಗಡ ಕಾರಿನಲ್ಲಿ ನೆಕ್ಕರ್ ನದಿ ದಂಡೆಯ ಕಣ್ಣಾಸ್ಪತ್ರೆಗೆ ಹೋದೆವು. ಕೋಟು ತೆಗೆಸಿ ಹಸಿರು ಗೌನು ತೊಡಿಸಿದರು. ಮೂವತ್ತೊಂದು ವರ್ಷ ಕತ್ತರಿ ಮಾಡಿದ್ದೆ ರೀಕೆ, ಅದು ಕೆಲಸ ಮಾಡುವುದನ್ನು ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ. ಡಾಕ್ಟರ್ ಮೆರ್ಟೆನ್ಸ್ ಆಗ ಚಿಕ್ಕ ಪ್ರಾಯದವರು, ಪುಟ್ಟ ಆಕೃತಿ, ಹನ್ನೆರಡು ವರ್ಷದ ಹುಡುಗಿಯ ಕೈಯಷ್ಟೇ ಚಿಕ್ಕ ಕೈ. ನಾವಿಬ್ಬರೂ ಯಾರು ಅಂತ ಅವರಿಗೆ ನೀನು ಹೇಳಿರಲಿಲ್ಲ, ನೋಡಲು ಬಂದವರು ಅಂದಿದ್ದೆ ಅಷ್ಟೆ. ಮೈಕ್ರೋಸ್ಕೋಪಿನ ಕೆಳಗೆ ಅವರ ಕೈಯಲ್ಲಿ ನನ್ನ ಕತ್ತರಿ. ಬೆರಳಲ್ಲಿ ಚಿಮಟದ ಹಾಗೆ ಒತ್ತುವ, ಉಂಗುರವಿಲ್ಲದ ಪುಟ್ಟ ಕತ್ತರಿ. ಎದೆಯುಬ್ಬಿಸಿ ನೋಡುತ್ತಿದ್ದೆ. ಆಮೇಲೆ ಕಂಡಿತು: ಹಿಡಿಕೆಗೆ ಅವರು ಬಿಳಿ ಪ್ಲಾಸ್ಟರ್ ಸುತ್ತಿದ್ದರು, ಎರಡು ಸುತ್ತು. ನನ್ನ ಹೊಳಪಿನ ಮೇಲೆ! ಹಿಡಿಕೆಯ ಬಾಲವೂ ಅವರ ಚಿಕ್ಕ ಅಂಗೈ ದಾಟಿ ಹೊರಗೆ ಬಂದು ಮೈಕ್ರೋಸ್ಕೋಪಿಗೆ ತಾಗುತ್ತಿತ್ತು, ಅವರು ಪ್ರತಿ ಸಲ ಮಣಿಕಟ್ಟು ತಿರುಚುತ್ತಿದ್ದರು.

ಕೈ ತೊಳೆಯುವಾಗ ನೀನು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ, ಯಾಕೆ ಪ್ಲಾಸ್ಟರ್ ಅಂತ. ಡಾಕ್ಟರು ಅಂದರು, "ಒದ್ದೆಯಾದ್ರೆ ಜಾರುತ್ತೆ. ಅಲಗು ಮಾತ್ರ ಬಂಗಾರ, ಇಂಥ ಅಲಗು ಬೇರೆ ಎಲ್ಲೂ ಸಿಗಲ್ಲ. ಆದ್ರೆ ಯಾವ ಪುಣ್ಯಾತ್ಮ ಇದನ್ನ ಕನ್ನಡಿ ಮಾಡ್ತಾನೋ ಕಾಣೆ! ಲೈಟೆಲ್ಲ ಕಣ್ಣಿಗೆ ಹೊಡೆಯುತ್ತೆ. ಹೊಸದು ಬಂದ ತಕ್ಷಣ ನಾವು ಪಕ್ಕದೂರಿನ ಒಬ್ಬನಿಗೆ ಕಳಿಸ್ತೀವಿ. ಅವನು ಮರಳು ಊದಿ ಆ ಹೊಳಪು ತೆಗೆದುಕೊಡ್ತಾನೆ. ಇದೊಂದು ಇನ್ನೂ ಹೋಗಿಲ್ಲ, ಅದಕ್ಕೇ ಪ್ಲಾಸ್ಟರು."

ನನ್ನ ಹನ್ನೊಂದು ನಿಮಿಷ. ಮೂವತ್ತೊಂದು ವರ್ಷದ ಹನ್ನೊಂದು ನಿಮಿಷ. ಒಬ್ಬ ಮರಳು ಊದುವವನು ಅರೆ ನಿಮಿಷದಲ್ಲಿ ಅಳಿಸಿಹಾಕುತ್ತಿದ್ದ, ಅದಕ್ಕೆ ಆಸ್ಪತ್ರೆ ಅವನಿಗೆ ದುಡ್ಡು ಕೊಡುತ್ತಿತ್ತು!

ವಾಪಸು ಬರುವಾಗ ಅರ್ಧ ದಾರಿ ನಾನು ಉಗುರಿನ ಹಸಿರು ಕೆರೆಯುತ್ತಾ ಕೂತಿದ್ದೆ. ನೀನು 'ನೋಡಿದ್ರಾ' ಅಂತ ಚುಚ್ಚಲಿಲ್ಲ, ಅದಕ್ಕೆ ನಿನಗೆ ಇವತ್ತಿಗೂ ಕೃತಜ್ಞಳು. ದಾರಿಯ ಹೋಟೆಲಿನಲ್ಲಿ ಕಾರು ನಿಲ್ಲಿಸಿ ಬೇಳೆ ಸಾರು, ಹಿಟ್ಟಿನ ಸೇವಿಗೆ ತರಿಸಿದೆ. ನಾನು ಒಂದು ಚಮಚ ಬಾಯಿಗಿಟ್ಟೆ, ಆ ಮರಳು ಊದುವವನ ನೆನಪಾಯಿತು, ನಗು ಬಂತು. ತಡೆಯಲಾಗದ ನಗು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೀನು ಮೊದಲು ಹೆದರಿದೆ, ಆಮೇಲೆ ನೀನೂ ನಕ್ಕೆ. ಹೋಟೆಲಿನವಳು ಬಂದು ಊಟ ಹೇಗಿದೆ ಅಂದಾಗ ಇಬ್ಬರೂ ಒಟ್ಟಿಗೆ "ತಿನ್ನಬಹುದು" ಅಂದೆವು. ಅವಳು ಖುಷಿಯಾಗಿ ಹೋದಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಮಾತು ಇಲ್ಲವಲ್ಲ. ಮದುವೆಯಾದ ದಿನ ನನ್ನ ಗಂಡ ನನ್ನನ್ನು ನೋಡಿ "ಪರವಾಗಿಲ್ಲ" ಅಂದಿದ್ದರು, ನಾನು ಅದನ್ನೇ ನಲವತ್ತು ವರ್ಷ ಇಟ್ಟುಕೊಂಡು ಬಾಳಿದೆ.

ಆಮೇಲಿನ ಬೇಸಿಗೆ ನನ್ನ ಬದುಕಿನ ಒಳ್ಳೆಯ ಬೇಸಿಗೆ. ನೀನು ಗೆರೆ ಎಳೆಯುವುದು, ನಾನು ಮಾಡುವುದು. ಹಿಡಿಕೆ ಎರಡು ಬೆರಳಗಲ ಗಿಡ್ಡ ಮಾಡಿದೆವು. ಮೇಲ್ಮೈ ಮಂಕು, ಒರಟು, ಒದ್ದೆ ಕೈಗೂ ಜಾರದ ಹಾಗೆ. ಸ್ಪ್ರಿಂಗು ಮೆತ್ತಗೆ. ನಾಲ್ಕು ಸಲ ಡಾಕ್ಟರಿಗೆ ತೋರಿಸಿ ಬಂದೆ, ನಾಲ್ಕು ಸಲವೂ ತಪ್ಪು ಹೇಳಿಸಿಕೊಂಡೆ, ಯಾರ ಹತ್ತಿರವೂ ತಪ್ಪು ಹೇಳಿಸಿಕೊಳ್ಳದ ನಾನು! ಕೊನೆಗೆ ಅವರು, "ಹನ್ನೆರಡು ಮಾಡಿಕೊಡಿ. ಒಂದು ತಿಂಗಳು ಉಪಯೋಗಿಸಿ ನೋಡ್ತೀವಿ. ಸರಿಹೋದ್ರೆ ನಮ್ಮಲ್ಲಿರೋದನ್ನೆಲ್ಲ ಬದಲಾಯಿಸ್ತೀವಿ, ಬೇರೆ ಆಸ್ಪತ್ರೆಯವರಿಗೂ ನಾನೇ ಹೇಳ್ತೀನಿ" ಅಂದರು. ಸೆಪ್ಟೆಂಬರ್ ಬಂದಿತ್ತು, ಮರಗಳಲ್ಲಿ ಸೇಬು ಕೆಂಪಾಗುತ್ತಿತ್ತು. ಆ ಹನ್ನೆರಡರ ಮೇಲೆ ಮೂವತ್ನಾಲ್ಕು ಮನೆ ನಿಂತಿತ್ತು.

ಹನ್ನೊಂದು ನಾನು ತಟ್ಟಿದೆ. ಹನ್ನೆರಡನೆಯದನ್ನು ನೀನು ಕೇಳಿದೆ. "ಒಂದು ನಾನು ಮಾಡ್ಲಾ, ಒಟ್ಟೀಲಿ ಅಕ್ಕ?" ಆರು ತಿಂಗಳು ಹಾಳು ಮಾಡಿದ್ದವಳು, ಬೇಡ ಅನ್ನಬೇಕಿತ್ತು. ಹಾಳಾಗುತ್ತದೆ, ಬುದ್ಧಿ ಬರುತ್ತದೆ ಅಂತ ಕೊಟ್ಟೆ. ಶುಕ್ರವಾರ ಮಧ್ಯಾಹ್ನ, ಎಲ್ಲರೂ ಮನೆಗೆ ಹೋಗಿಯಾಗಿತ್ತು. ನೀನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿ ಕೂತೆ. ನಾನು ಕೇಕು ತಿನ್ನುತ್ತಾ ಕೂತೆ. ಎಂದಿನಂತೆ ಟಕ ಟಕ ಅಂತ ಹೊಡೆಯಲಿಲ್ಲ ನೀನು. ಒಂದು ತಟ್ಟುವುದು, ಕೇಳುವುದು. ಒಂದು ತಟ್ಟುವುದು, ಕೇಳುವುದು. ಆಮೇಲೆ ಎದ್ದು ಬಂದು ನನ್ನ ಅಂಗೈಯಲ್ಲಿ ಇಟ್ಟೆ.

ನಾನು ಒದ್ದೆ ಮಾಡಿದ ತೆಳು ಕಾಗದ ಕತ್ತರಿಸಿ ನೋಡಿದೆ. ತುದಿಯವರೆಗೂ ಹೋಯಿತು, ಎಲ್ಲೂ ಎಳೆ ಹಿಡಿಯಲಿಲ್ಲ. ಕಿವಿಗೆ ಹಿಡಿದು ಮುಚ್ಚಿದೆ. ರೀಕೆ, ಆ ಸದ್ದು! ನನ್ನ ಗುರು ಇದ್ದರಲ್ಲ, ಮುದುಕ ಓಯ್ಗೆನ್, ಅವರ ಕೈಯ ಕತ್ತರಿಯಲ್ಲಿ ಅದನ್ನು ಕೇಳಿದ್ದೆ, ಅದೂ ಎಲ್ಲೋ ಮೂರು ನಾಲ್ಕು ಸಲ. ನನ್ನ ಕತ್ತರಿ ಒಳ್ಳೆಯದು, ಅದು ನನಗೆ ಗೊತ್ತು. ಆದರೆ ಆ ಸದ್ದು ನನ್ನ ಕೈಯಿಂದ ಬಂದಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಬಂದಿರಲಿಲ್ಲ. ಗಡಿಯಾರ ಕಟ್ಟಿಕೊಂಡು ಬಂದ ಹುಡುಗಿಯ ಕೈಯಿಂದ ಆರೇ ತಿಂಗಳಲ್ಲಿ ಬಂದುಬಿಟ್ಟಿತ್ತು.

ಹೊಟ್ಟೆಕಿಚ್ಚು. ಬೇರೆ ಏನೂ ಅಲ್ಲ. ನಮ್ಮ ಕಡೆ ಹೊಗಳುವ ಪದ್ಧತಿ ಇಲ್ಲ, ಅದಕ್ಕೆ ಸುಮ್ಮನಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನೆಪ. "ಪರವಾಗಿಲ್ಲ" ಅನ್ನಬಹುದಿತ್ತು, ಆ ಒಂದು ಪದಕ್ಕೆ ನೀನು ಕುಣಿದಾಡುತ್ತಿದ್ದೆ. ನಾನು ಕತ್ತರಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡು "ಹನ್ನೊಂದು ಸಾಕು" ಅಂದೆ. ನೀನು ಸುತ್ತಿಗೆಯನ್ನು ಬಟ್ಟೆಯಿಂದ ಒರೆಸಿ ಅದರ ಜಾಗದಲ್ಲಿಟ್ಟೆ. ಕೈ ತೊಳೆದುಕೊಂಡು ಮೆಟ್ಟಿಲು ಹತ್ತಿ ಹೋದೆ. ಆಮೇಲೆ ಯಾವತ್ತೂ ಆ ಮೇಜಿಗೆ ಬಂದು ಕೂರಲಿಲ್ಲ. ಸೋಮವಾರ ಗಾಜಿನ ಬಾಗಿಲ ಆಚೆ ನೀನು ಫೋನಿನಲ್ಲಿ ಡಾಕ್ಟರಿಗೆ "ಕ್ಷಮಿಸಿ, ಒಂದು ಕಮ್ಮಿ ಇದೆ. ಅದು ನನ್ನಿಂದ ಹಾಳಾಯ್ತು" ಅನ್ನುವುದು ಕೇಳಿಸಿತು. ಆಗಲೂ ನನ್ನ ಕೈ ಜೇಬಿನ ಮೇಲಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಮುಂದಿನದು ನಿನಗೆ ಗೊತ್ತೇ ಇದೆ. ಹನ್ನೊಂದೇ ಸಾಕಾಯಿತು. ಸೇಬು ಹಿಂಡುವ ವಾರ ನೀನು ಆ ವ್ಯಾಪಾರಿಗೂ ಆ ಕಂಪನಿಗೂ ಇಲ್ಲ ಅಂತ ಉತ್ತರ ಬರೆದೆ, ನಾವು ಅಂಗಳದಲ್ಲಿ ಆ ವರ್ಷದ ಸೇಬಿನ ರಸ ಕುಡಿದು ಬೇಕಾಬಿಟ್ಟಿ ಹಾಡಿದೆವು. ಡಾಕ್ಟರುಗಳಲ್ಲಿ ಹೆಣ್ಣುಮಕ್ಕಳು ಹೆಚ್ಚುತ್ತಿದ್ದರು, ಅವರ ಕೈಗೆ ಹೊಂದುವ ಕತ್ತರಿ ಮಾಡುವವರು ಎಲ್ಲೂ ಇರಲಿಲ್ಲ, ನಾವಿದ್ದೆವು. ನೀನು ಒಂದೊಂದು ಕತ್ತರಿಗೂ ನಂಬರು ಕೆತ್ತಿಸಿದೆ. ಮೊಂಡಾದರೆ ಅಂಚೆಯಲ್ಲಿ ಕಳಿಸಿ, ಎರಡೇ ದಿನದಲ್ಲಿ ಸಾಣೆ ಹಿಡಿದು ವಾಪಸು ಅಂದೆ. ಸಮುದ್ರದಾಚೆಯವರ ಕೈ ನಮ್ಮ ಕೈಗಿಂತ ಕೆಟ್ಟದೇನಲ್ಲ, ಆದರೆ ಅವರ ಹಡಗು ಎರಡು ದಿನದಲ್ಲಿ ಬರುವುದಿಲ್ಲ. ಭಾನುವಾರವೂ ಒಂಟಿಯಾಗಿ ದುಡಿಯುವ ಆ ಸಾಣೆ ಯಂತ್ರ ತಂದೆ. ನಾನು ಅದಕ್ಕೆ 'ಮಗಳ ಗಂಡ' ಅಂತ ಹೆಸರಿಟ್ಟೆ, ಹೇಳಿದಷ್ಟು ಮಾಡುತ್ತದೆ, ಮಾತಾಡುವುದಿಲ್ಲ. ಒರಟು ಕೆಲಸವೆಲ್ಲ ಅದಕ್ಕೆ, ತಟ್ಟುವುದು ಮಾತ್ರ ನಮಗೆ. ಕೆಲಸ ಬಿದ್ದುಹೋದ ಆ ಕೆಟ್ಟ ವರ್ಷ ಎಲ್ಲರೂ ವಾರಕ್ಕೆ ನಾಲ್ಕೇ ದಿನ ದುಡಿದು ನಾಲ್ಕು ದಿನದ ಸಂಬಳ ತಂದೆವು, ಅದರಲ್ಲಿ ನೀನೂ ಸೇರಿ. ಒಬ್ಬರನ್ನೂ ಮನೆಗೆ ಕಳಿಸಲಿಲ್ಲ. ಅದಕ್ಕೇ ಕೆಲಸ ಮರಳಿ ಬಂದಾಗ ಪಳಗಿದ ಕೈಗಳೆಲ್ಲ ಮೇಜಿನಲ್ಲೇ ಇದ್ದವು. ಆಗ ಮೂವತ್ನಾಲ್ಕು, ಈಗ ಐವತ್ತೆರಡು. ಈ ದುಬಾರಿ ನಾಡಿನಲ್ಲಿ, ಈ ಮೂಲೆ ಕಣಿವೆಯಲ್ಲಿ.

ನಾನು ಹೊಗಳಿದ್ದರೆ ನೀನು ಮೇಜಿಗೇ ಅಂಟಿಕೊಂಡು ಕೂರುತ್ತಿದ್ದೆ, ಇದನ್ನೆಲ್ಲ ಮಾಡುವವರು ಯಾರಿರುತ್ತಿದ್ದರು ಅಂತಲೂ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಚೆಂದದ ಸಮಾಧಾನ! ಇಪ್ಪತ್ತೊಂಬತ್ತು ವರ್ಷ ಅದನ್ನೇ ಹೊದ್ದು ಮಲಗಿದೆ. ಮೇ ತಿಂಗಳ ನಿನ್ನ ಭಾಷಣ ಬಂದು ಹೊದಿಕೆ ಕಿತ್ತುಹಾಕಿತು.

ಜುಲೈಯಲ್ಲಿ ಎಡಗಣ್ಣಿನ ಒತ್ತಡ ಹೆಚ್ಚಾಗಿದೆ, ಕತ್ತರಿಸದೆ ದಾರಿಯಿಲ್ಲ ಅಂದರು. ಯಾರು ಕತ್ತರಿಸುವುದು? ಅದೇ ಡಾಕ್ಟರ್ ಮೆರ್ಟೆನ್ಸ್, ಈಗ ತಲೆಯೆಲ್ಲ ಬೆಳ್ಳಗೆ, ಮುಂದಿನ ವರ್ಷ ನಿವೃತ್ತಿ. ನಾನು ಆ ಹನ್ನೆರಡನೆಯ ಕತ್ತರಿಯ ಡಬ್ಬಿ ತೆಗೆದು ಅವರ ಮೇಜಿನ ಮೇಲಿಟ್ಟೆ. "ಇದರಲ್ಲೇ ಮಾಡ್ಬೇಕು" ಅಂದೆ.

"ಒಟ್ಟೀಲಿ, ನನ್ನ ಹತ್ರ ನಿಮ್ಮ ಕಾರ್ಖಾನೇದೇ ನಲವತ್ತು ಕತ್ತರಿ ಇವೆ."

"ಇರಲಿ. ನನ್ನ ಕಣ್ಣಿಗೆ ಇದೇ ಬೇಕು."

"ಇದಕ್ಕೆ ನಂಬರೇ ಇಲ್ಲ! ಹೀಗೆಲ್ಲ ಮನೆಯಿಂದ ತಂದ ಸಾಮಾನು ಉಪಯೋಗಿಸೋಕೆ ಆಗಲ್ಲ. ಅಡುಗೆಮನೆ ಅಲ್ಲ ಇದು."

ಬೈದರು. ಬೈಯುತ್ತಲೇ ಅದನ್ನು ಮೈಕ್ರೋಸ್ಕೋಪಿನ ಕೆಳಗೆ ಹಿಡಿದರು. ಒಂದು ಸಲ ಮುಚ್ಚಿದರು. ಇನ್ನೊಂದು ಸಲ ಮುಚ್ಚಿದರು. ಬೈಗುಳ ನಿಂತಿತು. ತಪಾಸಣೆಗೆ ಕಳಿಸಿ, ಮೂರು ಕಾಗದಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡು, ಎರಡು ತಿಂಗಳಾದ ಮೇಲೆ ಆಗಲಿ ಅಂದರು.

ಕಣ್ಣನ್ನಷ್ಟೇ ಮರಗಟ್ಟಿಸುತ್ತಾರೆ, ಎಚ್ಚರ ಇರುತ್ತದೆ. ಮುಖದ ಮೇಲೆ ಬಟ್ಟೆ. ಸುಳ್ಳು ಹೇಳುವುದಿಲ್ಲ, ಹೆದರಿಕೆಯಾಗಿತ್ತು, ಹಾಸಿಗೆಯ ಅಂಚು ಹಿಡಿದುಕೊಂಡಿದ್ದೆ. ಏನೂ ಕಾಣಲಿಲ್ಲ. ಆಮೇಲೆ ಆ ಸದ್ದು ಬಂತು ರೀಕೆ, ಅವತ್ತು ಶುಕ್ರವಾರ ಮಧ್ಯಾಹ್ನ ಕೇಳಿದ್ದೇ, ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ. ಒಂದು ಸಲ, ಇನ್ನೊಂದು ಸಲ. ಹಿಡಿದಿದ್ದ ಅಂಚು ಬಿಟ್ಟೆ. ಇದು ನನ್ನ ರೀಕೆಯ ಕೈ, ಇದು ಎಲ್ಲೂ ಎಳೆಯುವುದಿಲ್ಲ, ಇನ್ನು ಭಯವಿಲ್ಲ ಅಂದುಕೊಂಡು ಮಲಗಿದೆ.

ಡಾಕ್ಟರು ಕೇಳಿದರು, "ಇದು ಇಷ್ಟು ವರ್ಷ ಎಲ್ಲಿತ್ತು?"

"ನನ್ನ ಏಪ್ರನ್ ಜೇಬಲ್ಲಿ."

"ಮಾತಾಡ್ಬೇಡಿ, ಕಣ್ಣು ಅಲ್ಲಾಡುತ್ತೆ" ಅಂದರು. ಎಲ್ಲ ಮುಗಿದ ಮೇಲೆ ಯಾರು ಮಾಡಿದ್ದು ಅಂತ ಕೇಳಿದರು. ಹೇಳಿದೆ. ಅವರು ಕೈಗವಸು ಕಳಚುತ್ತಾ, "ಹಾಗಾದ್ರೆ ನನಗೆ ಬರಬೇಕಾಗಿದ್ದ ಹನ್ನೆರಡನೇದು ಇದು" ಅಂದರು. ಲೆಕ್ಕ ಮರೆಯದ ಹೆಂಗಸು. ನಾನು ಇದನ್ನು ಅವರಿಗೆ ಕೊಡಲಿಲ್ಲ. ಬೇಕಾದರೆ ಯಜಮಾನಿಯನ್ನು ಕೇಳಿ, ಇದು ಅವಳದ್ದು ಅಂದೆ.

ಸೋಮವಾರದಿಂದ ನನ್ನ ಹಳೆಯ ಮೇಜಿಗೆ ಒಬ್ಬಳು ಹೊಸ ಹುಡುಗಿ ಬರುತ್ತಾಳಂತೆ, ಲೋರೆ ಹೇಳಿದಳು. ತಟ್ಟುವುದನ್ನು ಅವಳಿಗೆ ನೀನು ಹೇಳಿಕೊಡು. ಬೇರೆ ಯಾರೂ ಬೇಡ, ನೀನೇ. ವಾರಕ್ಕೆ ಒಂದು ಗಂಟೆ ಮೇಲಿನ ಕೋಣೆಗೆ ಬೀಗ ಹಾಕಿ ಕೆಳಗೆ ಇಳಿದು ಬಾ. ಅವಳು ಹಾಳು ಮಾಡಿದರೆ ಬೈ, ಅದು ನಮ್ಮ ಕ್ರಮ, ಬಿಡುವುದು ಬೇಡ. ಸರಿಯಾಗಿ ಮಾಡಿದ ದಿನ ಮಾತ್ರ ಬಾಯಿ ಬಿಟ್ಟು ಹೇಳು. ಜೇಬಿಗೆ ಹಾಕಿಕೊಳ್ಳಬೇಡ.

ಪಟ್ಟಿ ಶುಕ್ರವಾರ ಬಿಚ್ಚುತ್ತಾರೆ. ಭಾನುವಾರ ಊಟಕ್ಕೆ ಬಾ, ಬೇಳೆ ಸಾರು, ಸೇವಿಗೆ ಮಾಡುತ್ತೇನೆ. ಎರಡೂ ಕಣ್ಣಲ್ಲಿ ನಿನ್ನನ್ನು ನೋಡಬೇಕು. ನಿನ್ನ ಕೈಗೆ ನೋವು ಬಾರದಿರಲಿ, ನಿನ್ನ ಕಾರ್ಖಾನೆಯ ದೀಪ ಈ ಕಣಿವೆಯಲ್ಲಿ ಇನ್ನೂ ನೂರು ವರ್ಷ ಉರಿಯಲಿ. ನಿನ್ನ ಅಪ್ಪ ಇದ್ದಿದ್ದರೆ "ಪರವಾಗಿಲ್ಲ" ಅನ್ನುತ್ತಿದ್ದರು. ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ.

ಈಗ ಡಬ್ಬಿ ತೆಗೆ. ಕಿವಿಗೆ ಹಿಡಿದು ಮುಚ್ಚಿ ನೋಡು.

ತುಂಬಾ ಚೆನ್ನಾಗಿದೆ ಮಗಳೇ. ನನ್ನದಕ್ಕಿಂತ ಚೆನ್ನಾಗಿದೆ.

ನಿನ್ನ ಕತ್ತರಿ ಕದ್ದವಳು,
ಒಟ್ಟೀಲಿ